ತೆರಿಗೆ ನಕ್ಷೆಯಲ್ಲಿ ತೀರ್ಥದ ಬಾವಿ

1824ರಲ್ಲಿ ಐರ್ಲೆಂಡನ್ನು ಅಳೆಯಲು ಹೊರಟ ಬ್ರಿಟಿಷ್ ಸೇನೆಯ ಎಂಜಿನಿಯರುಗಳಿಗೆ ಸಂತರ ಬಾವಿಗಳಿಂದ ಏನೂ ಆಗಬೇಕಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಎಲ್ಲೆ ಮತ್ತು ಎಕರೆ. ಯಾವ ಊರಿನ ಗಡಿ ಎಲ್ಲಿಗೆ ಮುಗಿಯುತ್ತದೆ, ಅದರೊಳಗೆ ನೆಲ ಎಷ್ಟಿದೆ ಎಂಬುದು ಖಚಿತವಾಗದೆ ಸ್ಥಳೀಯ ತೆರಿಗೆಯನ್ನು ನ್ಯಾಯವಾಗಿ ಹಂಚಲು ಆಗುತ್ತಿರಲಿಲ್ಲ. ಪಿಸ್ತೂಲು ಸಿಡಿದು ಎಡಗೈ ಕಳೆದುಕೊಂಡಿದ್ದ ಥಾಮಸ್ ಕೋಲ್ಬಿ ಎಂಬ ಅಧಿಕಾರಿಯ ಮುಂದಾಳ್ತನದಲ್ಲಿ ಆರ್ಡ್‌ನೆನ್ಸ್ ಸರ್ವೆ ಇಡೀ ದ್ವೀಪವನ್ನು ಮೈಲಿಗೆ ಆರು ಇಂಚಿನ ಪ್ರಮಾಣದಲ್ಲಿ, ಸುಮಾರು 1,900 ಹಾಳೆಗಳಲ್ಲಿ ಬರೆದು ಮುಗಿಸಿತು. ಮೊದಲು ಬಂದದ್ದು ಲಂಡನ್‌ಡೆರಿ ಕೌಂಟಿ, 1833ರಲ್ಲಿ. ಕೊನೆಯದು ಕೆರ್ರಿ, 1846ರಲ್ಲಿ.

ಮೈಲಿಗೆ ಆರು ಇಂಚು ಎಂದರೆ ಸಣ್ಣ ಪ್ರಮಾಣವಲ್ಲ. ಒಂಟಿ ಮನೆ, ಓಣಿ, ಸುಣ್ಣದ ಗೂಡು, ಸೂರು ಬಿದ್ದ ಚರ್ಚು ಎಲ್ಲವೂ ಅದರಲ್ಲಿ ಬರುತ್ತವೆ. ಅವುಗಳ ನಡುವೆ ಒಂದು ಚುಕ್ಕೆ, ಪಕ್ಕದಲ್ಲಿ ಒಬ್ಬ ಸಂತನ ಹೆಸರು ಹೊತ್ತ ಬಾವಿ. ಆ ಚುಕ್ಕೆಗಳಲ್ಲಿ ಎಷ್ಟೋ ಬಾವಿಗಳು ಇವತ್ತು ನೆಲದ ಮೇಲೆ ಇಲ್ಲ. ಅವುಗಳಿಗೆ ಹರಕೆ ಹೊತ್ತವರೂ ಇಲ್ಲ, ಅವುಗಳ ಹೆಸರನ್ನು ಕೂಗಿದ ಭಾಷೆಯೂ ಆ ಊರುಗಳಲ್ಲಿ ಬಹುಪಾಲು ಉಳಿದಿಲ್ಲ. ಉಳಿದಿರುವುದು ತೆರಿಗೆಯ ಕಾಗದ. ಭಕ್ತರು ಕೈಬಿಟ್ಟದ್ದನ್ನು ಕಂದಾಯದ ಗುಮಾಸ್ತ ಕಾಪಾಡಿದ. ಅವನಿಗೆ ಅದು ಗೊತ್ತೂ ಇರಲಿಲ್ಲ.

ಐರ್ಲೆಂಡಿನಲ್ಲಿ ಇಂಥ ಪುಣ್ಯಬಾವಿಗಳು ಸುಮಾರು ಮೂರು ಸಾವಿರ ಎಂದು ಸಾಮಾನ್ಯವಾಗಿ ಲೆಕ್ಕ ಹೇಳುತ್ತಾರೆ. ಬಾವಿ ಎಂದ ಕೂಡಲೇ ರಾಟೆ, ಹಗ್ಗ, ಆಳದ ಕತ್ತಲೆ ಎಂದುಕೊಳ್ಳಬಾರದು. ಬಹುತೇಕ ಇವು ನೆಲಮಟ್ಟದಲ್ಲೇ ಉಕ್ಕುವ ಒರತೆಗಳು. ಸುತ್ತ ನಾಲ್ಕು ಕಲ್ಲು, ಪಕ್ಕದಲ್ಲಿ ಒಂದು ಮುಳ್ಳಿನ ಮರ, ಅಷ್ಟೆ. ಸಂತನ ಹಬ್ಬದ ದಿನ ಜನ ಸೇರುತ್ತಾರೆ. ಸೂರ್ಯ ಸಾಗುವ ದಿಕ್ಕಿನಲ್ಲೇ ಬಾವಿಗೆ ಪ್ರದಕ್ಷಿಣೆ ಬರುತ್ತಾರೆ, ಸುತ್ತಿನ ಲೆಕ್ಕ ತಪ್ಪದಂತೆ ಒಂದೊಂದು ಸುತ್ತಿಗೆ ಒಂದೊಂದು ಬೆಣಚುಕಲ್ಲು ಹಾಕುತ್ತಾರೆ. ಕಾಯಿಲೆಯವರು ತಮ್ಮ ಬಟ್ಟೆಯ ಚೂರೊಂದನ್ನು ಮರಕ್ಕೆ ಕಟ್ಟಿ ಬರುತ್ತಾರೆ. ಬಟ್ಟೆ ಕೊಳೆತಂತೆ ಕಾಯಿಲೆಯೂ ಕಳೆಯುತ್ತದೆಂದು ನಂಬಿಕೆ. ಒಂದು ಬಾವಿ ಕಣ್ಣಿಗೆ, ಇನ್ನೊಂದು ಹಲ್ಲುನೋವಿಗೆ, ಮತ್ತೊಂದು ನರೂಲಿಗೆ. ಕಲ್ಯಾಣಿಯಲ್ಲಿ ಮಿಂದು, ಮರಕ್ಕೆ ತೊಟ್ಟಿಲು ಕಟ್ಟಿ ಬರುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸರ್ಕಾರಕ್ಕೆ ಈ ಜನಸಂದಣಿ ಹಿಡಿಸಲಿಲ್ಲ. ಕ್ಯಾಥೋಲಿಕರನ್ನು ಹತ್ತಿಕ್ಕಲು 1704ರಲ್ಲಿ ಬಂದ ಕಾನೂನು ಬಾವಿಗಳ ಬಳಿ ಸೇರುವವರಿಗೆ ಹತ್ತು ಶಿಲ್ಲಿಂಗ್ ದಂಡ ವಿಧಿಸಿತು. ದಂಡ ಕಟ್ಟಲಾಗದವರಿಗೆ ಎಲ್ಲರೆದುರು ಚಾಟಿ ಏಟು. ಜನ ಹೋಗುವುದನ್ನು ಬಿಡಲಿಲ್ಲ. ಆಮೇಲೆ 19ನೆಯ ಶತಮಾನದಲ್ಲಿ ಜಾತ್ರೆಗಳನ್ನು ನಿಲ್ಲಿಸಲು ಹೊರಟವರಲ್ಲಿ ಕ್ಯಾಥೋಲಿಕ್ ಪಾದ್ರಿಗಳೇ ಮುಂದಿದ್ದರು. ಬೆಳಿಗ್ಗೆ ಪ್ರಾರ್ಥನೆ, ಮಧ್ಯಾಹ್ನ ಕುಡಿತ, ಸಂಜೆಗೆ ಎರಡು ಪಂಗಡಗಳ ಬಡಿದಾಟ ಎಂಬ ಸ್ಥಿತಿ ಅವರಿಗೆ ನಾಚಿಕೆ ತಂದಿತ್ತು. ಬಾವಿಗಳು ಮರೆಯಾದದ್ದರ ಹೊಣೆಯನ್ನು ಪರಕೀಯರ ಮೇಲೆ ಮಾತ್ರ ಹೊರಿಸುವುದು ಸುಲಭ, ಆದರೆ ಅದು ಅರ್ಧ ಕಥೆ.

ಬಾವಿಗಳು ಮರೆಯಾದದ್ದಕ್ಕೆ ಜನರ ಬಾಯಲ್ಲಿ ಬೇರೆಯೇ ವಿವರಣೆ ಇದೆ. ಪುಣ್ಯಬಾವಿಯಲ್ಲಿ ಯಾರಾದರೂ ಮೈಲಿಗೆ ಬಟ್ಟೆ ಒಗೆದರೆ, ದನದ ಕಾಲು ತೊಳೆದರೆ, ಬಾವಿ ಮುನಿಸಿಕೊಂಡು ರಾತ್ರೋರಾತ್ರಿ ಎದ್ದು ಬೇರೆ ಜಾಗಕ್ಕೆ ಹೋಗಿಬಿಡುತ್ತದೆ. ಐರ್ಲೆಂಡಿನುದ್ದಕ್ಕೂ ಈ ಕಥೆ ಸಿಗುತ್ತದೆ. ಕಳೆದುಹೋದ ಬಾವಿಗಳನ್ನು ಇಂದು ಹಳೆಯ ನಕ್ಷೆ ಹಿಡಿದು ಹುಡುಕುವವರು ಇದನ್ನು ನಕ್ಕು ಬದಿಗಿಡುವುದಿಲ್ಲ. ಬಾವಿ ಎದ್ದುಹೋದ ಕಥೆ ಕೇಳಿಬಂದಲ್ಲೆಲ್ಲ ಎರಡು ಜಾಗಗಳನ್ನು ನೋಡಬೇಕು ಎಂದು ಗುರುತು ಹಾಕಿಕೊಳ್ಳುತ್ತಾರೆ. ಮೇಲೆ ಕಾಲುವೆ ತೋಡಿದ್ದರಿಂದಲೋ ರಸ್ತೆ ಹಾಯ್ದದ್ದರಿಂದಲೋ ಸೆಲೆ ದಿಕ್ಕು ಬದಲಿಸಿ ಇನ್ನೊಂದು ಕಡೆ ಉಕ್ಕಿರಬಹುದು.

ಮತ್ತೆ ನಕ್ಷೆಗೆ ಬರೋಣ. ಸೈನಿಕರು ನೆಲ ಅಳೆದರು, ಸರಿ, ಆದರೆ ಹೆಸರುಗಳು? ಇಂಗ್ಲಿಷ್ ಬಲ್ಲ ಸೈನಿಕನ ಕಿವಿಗೆ ಬಿದ್ದ ಐರಿಶ್ ಹೆಸರು ಕಾಗದದ ಮೇಲೆ ಹತ್ತು ಬಗೆಯಾಗುತ್ತಿತ್ತು. ಇದನ್ನು ಸರಿಪಡಿಸಲು ಥಾಮಸ್ ಲಾರ್ಕಮ್ ಎಂಬ ಅಧಿಕಾರಿ ಐರಿಶ್ ಬಲ್ಲ ವಿದ್ವಾಂಸರನ್ನು ಕೆಲಸಕ್ಕೆ ತೆಗೆದುಕೊಂಡ. ಜಾರ್ಜ್ ಪೆಟ್ರಿ, ಯೂಜೀನ್ ಓಕರಿ ಇದ್ದ ಆ ಗುಂಪಿನಲ್ಲಿ ಕಾಲಿಗೆ ಕೆಲಸ ಕೊಟ್ಟವನು ಜಾನ್ ಓಡೊನೊವನ್. 1806ರಲ್ಲಿ ಕಿಲ್ಕೆನ್ನಿ ಕೌಂಟಿಯಲ್ಲಿ ಹುಟ್ಟಿದವನು, 1830ರಲ್ಲಿ ಕೆಲಸಕ್ಕೆ ಸೇರಿದ. ಡಬ್ಲಿನ್ನಿನ ಕಚೇರಿಯಲ್ಲಿ ಒಂದೊಂದು ಹೆಸರಿಗೂ ಹಳೆಯ ದಾಖಲೆಗಳಲ್ಲಿ ಸಿಕ್ಕ ಕಾಗುಣಿತಗಳನ್ನೆಲ್ಲ ಒಂದರ ಕೆಳಗೊಂದು ಬರೆದು 'ನೇಮ್ ಬುಕ್' ಸಿದ್ಧಪಡಿಸುತ್ತಿದ್ದರು. ಓಡೊನೊವನ್ ಆ ಪುಸ್ತಕ ಹಿಡಿದು ಊರಿಗೆ ಹೋಗಿ, ಹಳಬರನ್ನು ಹುಡುಕಿ, ಅವರ ಬಾಯಿಂದಲೇ ಹೆಸರು ಹೇಳಿಸಿ, ಐರಿಶ್ ರೂಪವನ್ನು ಬರೆದುಕೊಂಡು, ನಕ್ಷೆಗೆ ಯಾವ ಇಂಗ್ಲಿಷ್ ರೂಪ ಹೋಗಬೇಕೆಂದು ತೀರ್ಮಾನಿಸುತ್ತಿದ್ದ. ಊರೂರಿನಿಂದ ಅವನು ಕಚೇರಿಗೆ ಬರೆದ ಪತ್ರಗಳು ಉಳಿದಿವೆ. ಅವುಗಳಲ್ಲಿ ಮಳೆ, ನೆನೆದ ಬಟ್ಟೆ, ಸಂತರು, ವಂಶಾವಳಿ, ಬಾವಿಯ ಪ್ರದಕ್ಷಿಣೆ ಎಲ್ಲ ಒಟ್ಟಿಗೇ ಬರುತ್ತವೆ. ತಾನು ಕೇಳಿದ ಕಥೆಗಳನ್ನು ಆತ ಸುಲಭಕ್ಕೆ ನಂಬುವವನಲ್ಲ. ಅದಕ್ಕೇ ಅವನ ಮಾತಿಗೆ ತೂಕ.

ಈ ಹೆಸರು ತಿದ್ದುವ ಕೆಲಸವನ್ನು ವಸಾಹತುಶಾಹಿಯ ದಬ್ಬಾಳಿಕೆ ಎಂದು ನೋಡುವವರಿದ್ದಾರೆ. ಬ್ರಯನ್ ಫ್ರೀಲ್ ಅವರ 'ಟ್ರಾನ್ಸ್‌ಲೇಷನ್ಸ್' ನಾಟಕ ಇದರ ಮೇಲೆಯೇ ನಿಂತಿದೆ. 1980ರಲ್ಲಿ ಡೆರಿ ಪಟ್ಟಣದಲ್ಲಿ ಅದರ ಮೊದಲ ಪ್ರದರ್ಶನ ನಡೆಯಿತು. ಅದರಲ್ಲಿ 'ಟೋಬೇರ್ ವ್ರೀ' ಎಂಬ ಕೂಡುರಸ್ತೆ ಬರುತ್ತದೆ. ಹೆಸರಿನಲ್ಲಿ ಬಾವಿ ಇದೆ, ಸ್ಥಳದಲ್ಲಿ ಇಲ್ಲ. ಬ್ರಯನ್ ಎಂಬ ಮುದುಕನೊಬ್ಬ ಮುಖದ ಮೇಲಿನ ಗಡ್ಡೆ ವಾಸಿಯಾದೀತೆಂದು ಅಲ್ಲಿಗೆ ಬಂದು ಬಂದು ಕೊನೆಗೆ ಅದೇ ಬಾವಿಯಲ್ಲಿ ಮುಳುಗಿ ಸತ್ತಿದ್ದ. ಬಾವಿ ಬತ್ತಿಹೋಗಿ, ಕಥೆಯೂ ಹೆಚ್ಚುಕಡಿಮೆ ಮರೆತುಹೋಗಿ, ಹೆಸರು ಮಾತ್ರ ನಿಂತಿದೆ. ಆ ಹೆಸರನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂದು ನಕ್ಷೆ ಮಾಡುವ ಇಬ್ಬರು ಚರ್ಚಿಸುತ್ತಾರೆ. ನಾಟಕದ ಸಿಟ್ಟು ನ್ಯಾಯವಾದದ್ದೇ. ಆದರೂ ಓಡೊನೊವನ್‌ನ ಪುಸ್ತಕಗಳನ್ನು ಕಂಡವರು ಇನ್ನೊಂದು ಮಾತನ್ನೂ ಸೇರಿಸಬೇಕಾಗುತ್ತದೆ: ನಕ್ಷೆಯ ಮೇಲೆ ಇಂಗ್ಲಿಷಾದ ಹೆಸರಿನ ಐರಿಶ್ ಮೂಲವನ್ನು ಬರೆದಿಟ್ಟವನೂ ಅವನೇ. ಕೊನೆಯ ಹಾಳೆ ಅಚ್ಚಾಗುವ ಹೊತ್ತಿಗೆ ಆಲೂಗೆಡ್ಡೆಗೆ ರೋಗ ತಗುಲಿ ಮಹಾಕ್ಷಾಮ ಶುರುವಾಗಿತ್ತು. ಹತ್ತು ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಅವನು ಮಾತಾಡಿಸಿದ್ದ ಮುದುಕರ ಮನೆಗಳು ಎಷ್ಟೋ ಕಡೆ ಪಾಳುಬಿದ್ದವು. ಆ ಕೆಲಸ ಇಪ್ಪತ್ತು ವರ್ಷ ತಡವಾಗಿದ್ದರೆ ಕೇಳಲು ಯಾರಿರುತ್ತಿದ್ದರು?

ಟೋಬರ್, ಟಬ್ಬರ್, ಟಿಪ್ಪರ್ ಎಂದು ಶುರುವಾಗುವ ಐರಿಶ್ ಊರಿನ ಹೆಸರುಗಳಲ್ಲಿ ಬಾವಿ ಅಡಗಿದೆ. ಟಿಪ್ಪರರಿ ಕೌಂಟಿಗೆ ಹೆಸರು ಬಂದದ್ದೂ ಹಾಗೆಯೇ. ಮೇಯೋ ಕೌಂಟಿಯ ಬ್ಯಾಲಿಂಟಬ್ಬರ್ ಎಂದರೆ ಬಾವಿಯ ಊರು, ಸಂತ ಪ್ಯಾಟ್ರಿಕ್‌ನ ಬಾವಿಯ ಊರು. ಅಲ್ಲಿ 1216ರಲ್ಲಿ ಕಟ್ಟಿದ ಮಠ ಇಂದಿಗೂ ಪೂಜೆಯಲ್ಲಿದೆ. ಆದರೆ ಹೆಸರಿನಲ್ಲಿ ಬಾವಿ ಇದ್ದ ಮಾತ್ರಕ್ಕೆ ಅದು ಪುಣ್ಯಬಾವಿ ಆಗಬೇಕಿಲ್ಲ. ಟೋಬರ್‌ಮೋರ್ ಎಂದರೆ ದೊಡ್ಡ ಬಾವಿ, ಅಷ್ಟೇ.

ಸಮುದ್ರದಾಚೆ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಹುಡುಕಾಟದ ಆಧಾರ ಬೇರೆ. ಅಲ್ಲೂ ಅದು ತೆರಿಗೆಯ ಕಾಗದವೇ. ರೈತ ತನ್ನ ಬೆಳೆಯಲ್ಲಿ ಹತ್ತರಲ್ಲೊಂದು ಪಾಲನ್ನು ಚರ್ಚಿಗೆ ಕೊಡುವ 'ಟೈಥ್' ಪದ್ಧತಿಯನ್ನು 1836ರ ಕಾನೂನು ಹಣದ ರೂಪಕ್ಕೆ ತಂದಿತು. ಯಾರ ಹೊಲಕ್ಕೆ ಎಷ್ಟು ಹಣ ಎಂದು ಗೊತ್ತುಮಾಡಲು ಬಹುಪಾಲು ಪ್ಯಾರಿಷ್‌ಗಳಿಗೆ, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಗೆ, ದೊಡ್ಡ ನಕ್ಷೆ ತಯಾರಾಯಿತು, ಜೊತೆಗೊಂದು ಪಟ್ಟಿ: ಹೊಲದ ನಂಬರು, ಒಡೆಯ, ಉಳುವವ, ಬೆಳೆ, ವಿಸ್ತೀರ್ಣ, ತೆರಬೇಕಾದ ಮೊತ್ತ. ಇವುಗಳ ನಡುವೆ, ತೆರಿಗೆಗೆ ಏನೇನೂ ಬೇಕಿಲ್ಲದ ಒಂದು ಅಂಕಣ, ಹೊಲದ ಹೆಸರು. ಆರ್ಡ್‌ನೆನ್ಸ್ ಸರ್ವೆಯ ನಕ್ಷೆಗಳು ಸಾಮಾನ್ಯವಾಗಿ ಹೊಲದ ಹೆಸರನ್ನು ಕೊಡುವುದಿಲ್ಲ. ಟೈಥ್ ಪಟ್ಟಿ ಕೊಡುತ್ತದೆ. 'ಹೋಲಿವೆಲ್ ಫೀಲ್ಡ್', 'ಲೇಡಿವೆಲ್ ಮೆಡೋ', ವೇಲ್ಸ್‌ನಲ್ಲಾದರೆ 'ಕೈ ಫಿನ್ನನ್' (ಬಾವಿಯ ಹೊಲ) ಮುಂತಾದ ಹೆಸರುಗಳು ಪುಟ ತಿರುವಿದಂತೆ ಸಿಗುತ್ತವೆ. ಬಾವಿ ಮುಚ್ಚಿಹೋಗಿ ಇನ್ನೂರು ವರ್ಷವಾದರೂ ಆ ಹೊಲಕ್ಕೆ ಕುರಿ ಬಿಡುವವನು ಹೆಸರು ಬದಲಿಸಲು ಕಾರಣವೇ ಇರುವುದಿಲ್ಲ. ವೇಲ್ಸ್‌ನ ಫ್ರಾನ್ಸಿಸ್ ಜೋನ್ಸ್ 1954ರ ತಮ್ಮ ಗ್ರಂಥದಲ್ಲಿ ಸಾವಿರಕ್ಕೂ ಮಿಕ್ಕಿ ಬಾವಿಗಳನ್ನು ಪಟ್ಟಿಮಾಡಿದರು. ಇಂದು ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯ ತನ್ನ ಟೈಥ್ ನಕ್ಷೆಗಳನ್ನು ಅಂತರಜಾಲಕ್ಕೆ ಹಾಕಿದೆ. ಸ್ಕಾಟ್ಲೆಂಡ್‌ನ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ಹಳೆಯ ಆರ್ಡ್‌ನೆನ್ಸ್ ಹಾಳೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಹೊದಿಸಿ, ಬೇಕಾದಷ್ಟು ತೆಳುಮಾಡಿ ನೋಡಬಹುದು. ಬಸವನಗುಡಿಯಲ್ಲಿ ಕೂತು ಕಾರ್ನ್‌ವಾಲಿನ ಒಂದು ಹೊಲದ ಮೂಲೆಯನ್ನು ಜಾಲಾಡಲು ಖರ್ಚೇನೂ ಇಲ್ಲ.

ಆರ್ಡ್‌ನೆನ್ಸ್ ಹಾಳೆ ಓದುವವರು ಅಕ್ಷರದ ಆಕಾರವನ್ನೂ ನೋಡುತ್ತಾರೆ. ಪುರಾತನ ಎನಿಸಿದ್ದನ್ನು ಸರ್ವೆಯವರು ಕೊಂಕು ಕೊಂಕಾದ ಗಾಥಿಕ್ ಅಕ್ಷರದಲ್ಲಿ ಅಚ್ಚು ಹಾಕಿದರು. ಮನೆಬಳಕೆಯ ಬಾವಿಗೆ ಬರಿಯ 'ಡಬ್ಲ್ಯೂ'. ಸಂತನ ಬಾವಿಗೆ ಗಾಥಿಕ್. ಮುಂದಿನ ಆವೃತ್ತಿಯಲ್ಲಿ ಅದರ ಪಕ್ಕ ಕಂಸದಲ್ಲಿ 'ಇದ್ದ ಜಾಗ' ಎಂಬ ಸೂಚನೆ ಸೇರಿದ್ದರೆ ಆ ನಡುವಿನ ವರ್ಷಗಳಲ್ಲಿ ಬಾವಿ ಹೋಯಿತು ಎಂದೇ ಲೆಕ್ಕ. ಸರ್ವೆಯವರು ಮಾಹಿತಿಗೆ ನೆಚ್ಚಿಕೊಂಡದ್ದು ಊರಿನ ಪಾದ್ರಿಯನ್ನೋ ಜಮೀನುದಾರನನ್ನೋ. ಇತಿಹಾಸದ ಹುಚ್ಚಿದ್ದ ಪಾದ್ರಿ ಊರಿಗೊಂದು ಸಂತನನ್ನು ದಯಪಾಲಿಸಿದ್ದೂ ಉಂಟು.

ಮೋಸಹೋಗುವ ಜಾಗಗಳು ಇಲ್ಲಿಂದ ಶುರು. ಇಂಗ್ಲೆಂಡಿನಲ್ಲಿ ಚಾಡ್‌ವೆಲ್ ಎಂಬ ಹೆಸರು ಹಲವು ಕಡೆ ಇದೆ. ಸಂತ ಚಾಡ್ 7ನೆಯ ಶತಮಾನದ ಬಿಷಪ್, ಆದ್ದರಿಂದ ಅದು ಚಾಡ್‌ನ ಬಾವಿ ಎಂದು ಜನ ಶತಮಾನಗಳಿಂದ ನಂಬಿದ್ದಾರೆ. ಹಳೆಯ ಇಂಗ್ಲಿಷಿನಲ್ಲಿ ಅದು ತಣ್ಣೀರಿನ ಸೆಲೆ, ಮತ್ತೇನಲ್ಲ. ಹರ್ಟ್‌ಫರ್ಡ್‌ಶೈರ್‌ನ ಚಾಡ್‌ವೆಲ್ ಸೆಲೆಯಿಂದಲೇ 1613ರಲ್ಲಿ ಹ್ಯೂ ಮಿಡಲ್ಟನ್ ಲಂಡನ್ನಿಗೆ ಕಾಲುವೆಯಲ್ಲಿ ಕುಡಿಯುವ ನೀರು ತಂದ. ಹಾಗೆಯೇ 'ಹೋಲಿವೆಲ್' ಎಂದು ಕಾಣುವುದು ತಗ್ಗಿನ ಬಾವಿಯೂ ಇರಬಹುದು. 'ಲೇಡಿ' ಎಂದರೆ ಮೇರಿ ಮಾತೆಯೂ ಇರಬಹುದು, ಆ ಹೊಲದ ಒಡತಿಯೂ ಇರಬಹುದು. 2008ರಲ್ಲಿ ಇಂಗ್ಲೆಂಡಿನ ಪುಣ್ಯಬಾವಿಗಳ ದಾಖಲೆಗಳನ್ನು ಮೂರು ಸಂಪುಟಗಳಲ್ಲಿ ಕೂಡಿಹಾಕಿದ ಜೆರೆಮಿ ಹಾರ್ಟ್ ಈ ವಿಷಯದಲ್ಲಿ ಬಿಗಿ. ಕ್ರೈಸ್ತರಿಗೂ ಮುಂಚಿನ ಜಲದೇವತೆಯ ಸ್ಥಾನ ಎಂದು ಹೇಳಿಕೊಳ್ಳುವ ಎಷ್ಟೋ ಬಾವಿಗಳಿಗೆ ಅಂಥ ಪುರಾವೆ ಏನೂ ಇಲ್ಲ ಎಂಬುದು ಅವರ ನಿಲುವು. ನನಗೂ ಈ ಬಿಗಿಯೇ ಮೆಚ್ಚುಗೆ. ಬಾವಿ ಐದು ಸಾವಿರ ವರ್ಷ ಹಳೆಯದಾಗದಿದ್ದರೆ ಅದರ ಮಹಿಮೆ ತಗ್ಗುತ್ತದೆ ಎಂಬ ಆತಂಕ ನಮ್ಮ ಸ್ಥಳಪುರಾಣ ಬರೆಯುವವರಿಗೂ ಇದೆಯಲ್ಲ.

ಕಾಂಕ್ರೀಟಿನ ನಡುವೆಯೂ ಹೆಸರು ದಾರಿ ತೋರಬಲ್ಲದು ಎನ್ನುವುದಕ್ಕೆ ಲಂಡನ್ನೇ ಸಾಕು. 12ನೆಯ ಶತಮಾನದಲ್ಲಿ ವಿಲಿಯಂ ಫಿಟ್ಸ್‌ಸ್ಟೀಫನ್ ಎಂಬ ಗುಮಾಸ್ತ ನಗರದ ಹೊರವಲಯದ ಮೂರು ಬಾವಿಗಳನ್ನು ಹೆಸರಿಸುತ್ತಾನೆ: ಹೋಲಿವೆಲ್, ಕ್ಲರ್ಕನ್‌ವೆಲ್, ಸೇಂಟ್ ಕ್ಲೆಮೆಂಟ್ಸ್. ಬೇಸಿಗೆಯ ಸಂಜೆ ವಿದ್ಯಾರ್ಥಿಗಳೂ ಯುವಕರೂ ಅಲ್ಲಿಗೆ ಗಾಳಿಸೇವನೆಗೆ ಹೋಗುತ್ತಿದ್ದರಂತೆ. ಹೋಲಿವೆಲ್‌ನ ಪಕ್ಕದಲ್ಲಿ ಸನ್ಯಾಸಿನಿಯರ ಮಠ ಎದ್ದಿತು. ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದ ಮೇಲೆ ಆ ಜಾಗದಲ್ಲೇ 1576ರಲ್ಲಿ ಜೇಮ್ಸ್ ಬರ್ಬೇಜ್ ನಾಟಕಶಾಲೆ ಕಟ್ಟಿದ. ಇಂದು ಉಳಿದಿರುವುದು ಹೋಲಿವೆಲ್ ಲೇನ್ ಎಂಬ ಬೀದಿ. ಕ್ಲರ್ಕನ್‌ವೆಲ್‌ನ ಅದೃಷ್ಟ ಚೆನ್ನಾಗಿತ್ತು. ಪ್ಯಾರಿಷ್‌ಗಳ ಕಾರಕೂನರು ಸೇರಿ ಬೈಬಲ್ ನಾಟಕಗಳನ್ನು ಆಡುತ್ತಿದ್ದ ಆ ಬಾವಿ ಎಲ್ಲೋ ಕಟ್ಟಡಗಳಡಿ ಹುದುಗಿಹೋಗಿತ್ತು. 1924ರಲ್ಲಿ ಫ್ಯಾರಿಂಗ್ಡನ್ ಲೇನ್‌ನಲ್ಲಿ ಕಟ್ಟಡದ ಕೆಲಸ ಮಾಡುವಾಗ ಮತ್ತೆ ಕಂಡಿತು. ಈಗ ಗಾಜಿನ ಕಿಟಕಿಯಾಚೆ ಇಣುಕಿ ನೋಡಬಹುದು. ಸಂತ ಬ್ರೈಡ್‌ಳ ಬಾವಿಯ ಕಥೆ ವಿಚಿತ್ರ. ಆ ಬಾವಿಯ ಹೆಸರು ಪಕ್ಕದ ಅರಮನೆಗೆ ಬಂತು, ಬ್ರೈಡ್‌ವೆಲ್ ಎಂದು. 1553ರಲ್ಲಿ ಅರಮನೆಯನ್ನು ನಗರಕ್ಕೆ ಬಿಟ್ಟುಕೊಟ್ಟಾಗ ಅದು ಭಿಕ್ಷುಕರನ್ನು ಕೂಡಿಹಾಕಿ ದುಡಿಸುವ ಬಂದಿಖಾನೆಯಾಯಿತು. ಮುಂದೆ ಊರೂರಿನ ಲಾಕಪ್ಪುಗಳಿಗೆಲ್ಲ ಅದೇ ಹೆಸರು ನಿಂತಿತು. ಡಬ್ಲಿನ್ನಿನಲ್ಲಿ ಇಂದಿಗೂ ಬ್ರೈಡ್‌ವೆಲ್ ಎಂಬ ಪೊಲೀಸ್ ಠಾಣೆ ಇದೆ.

ಬಾವಿಗಳನ್ನು ಕೊಂದವರು ಯಾರು ಎಂದು ಕೇಳಿದರೆ ಮೊದಲು ನೆನಪಾಗುವುದು ಹೆನ್ರಿಯ ಕಾಲದ ಧರ್ಮಸುಧಾರಕರು. 1538ರಲ್ಲಿ ವಿಲಿಯಂ ಬ್ಯಾಸೆಟ್ ಎಂಬ ಅಧಿಕಾರಿ ಡರ್ಬಿಶೈರ್‌ನ ಬಕ್ಸ್‌ಟನ್‌ಗೆ ಹೋಗಿ, ಸಂತ ಆನ್‌ಳ ಬಾವಿಗೆ ಬೀಗಮುದ್ರೆ ಹಾಕಿ, ಗುಣವಾದವರು ಬಿಟ್ಟುಹೋಗಿದ್ದ ಊರುಗೋಲು, ಅಂಗಿಗಳನ್ನೆಲ್ಲ ತೆಗೆಸಿ, ಮೇಲಧಿಕಾರಿಗೆ ವರದಿ ಬರೆದ. ಆದರೆ ಬಕ್ಸ್‌ಟನ್ ಸಾಯಲಿಲ್ಲ. ಸಂತಳ ಹೆಸರು ಹಿಂದೆ ಸರಿದು ವೈದ್ಯರ ಹೆಸರು ಮುಂದೆ ಬಂದು, ಸ್ನಾನದ ಊರಾಗಿ ಮೆರೆಯಿತು. ಬಹುಪಾಲು ಬಾವಿಗಳನ್ನು ನಿಜವಾಗಿ ಮುಗಿಸಿದ್ದು 19 ಮತ್ತು 20ನೆಯ ಶತಮಾನದ ಸದುದ್ದೇಶಗಳೇ. ಜೌಗು ಹೊಲಗಳಡಿ ಹೆಂಚಿನ ಕೊಳವೆ ಹೂತು ನೀರು ಬಸಿಯುವ ಕೆಲಸ ವಿಕ್ಟೋರಿಯಾ ಕಾಲದಲ್ಲಿ ಭರದಿಂದ ನಡೆಯಿತು. ಸೆಲೆ ಉಕ್ಕುವ ಮೊದಲೇ ಹಳ್ಳ ಸೇರಿತು. ನಲ್ಲಿ ಬಂತು, ಬಾವಿಯ ದಾರಿಯಲ್ಲಿ ಹುಲ್ಲು ಬೆಳೆಯಿತು. ಎರಡನೆಯ ಮಹಾಯುದ್ಧದ ನಂತರ ಟ್ರ್ಯಾಕ್ಟರಿಗೆ ಅಡ್ಡಿಯೆಂದು ಬೇಲಿಸಾಲುಗಳನ್ನು ಕಿತ್ತು ಐದಾರು ಹೊಲಗಳನ್ನು ಒಂದು ಮಾಡಿದಾಗ ಹೆಸರುಗಳೂ ಹೋದವು. ವೇಲ್ಸ್‌ನ ಹೋಲಿವೆಲ್‌ನಲ್ಲಿ ಸಂತ ವಿನಿಫ್ರೆಡ್‌ಳ ಬಾವಿ ಧರ್ಮಸುಧಾರಣೆಯನ್ನು ತಾಳಿಕೊಂಡು ಯಾತ್ರೆಯನ್ನು ಉಳಿಸಿಕೊಂಡಿತ್ತು. 1917ರ ಜನವರಿಯಲ್ಲಿ ಅದು ಇದ್ದಕ್ಕಿದ್ದಂತೆ ಬತ್ತಿತು. ಗಣಿಗಳ ನೀರು ಹೊರಹಾಕಲು ಕೊರೆದ ಸುರಂಗ ಅದರ ಸೆಲೆಯನ್ನು ಎಳೆದುಕೊಂಡಿತ್ತು. ಅದೇ ವರ್ಷ ಬೇರೊಂದು ಮೂಲದಿಂದ ನೀರು ತಂದು ಕೊಳ ತುಂಬಿಸಿದರು, ಯಾತ್ರಿಕರು ಬರುವುದನ್ನು ನಿಲ್ಲಿಸಲಿಲ್ಲ. ಮೂಲ ನೀರೋ, ಆ ಜಾಗವೋ, ಯಾವುದು ಪವಿತ್ರ ಎಂಬ ಪ್ರಶ್ನೆಗೆ ಅವರು ಕಾಲಿನಲ್ಲೇ ಉತ್ತರ ಕೊಟ್ಟರು.

ಕಾಗದದ ಕೆಲಸ ಮುಗಿದ ಮೇಲೆ ಬೂಟು ಹಾಕಿಕೊಳ್ಳಬೇಕು. ಸುಣ್ಣಕಲ್ಲಿನ ಪದರ ಜೇಡಿಮಣ್ಣನ್ನು ಕೂಡುವ ಗೆರೆಯುದ್ದಕ್ಕೂ ಸೆಲೆಗಳು ಒಡೆಯುತ್ತವೆ. ಭೂವಿಜ್ಞಾನದ ನಕ್ಷೆಯಲ್ಲಿ ಹೊಲ ಆ ಗೆರೆಯ ಹತ್ತಿರವೂ ಇಲ್ಲದಿದ್ದರೆ ಹೆಸರನ್ನು ಅನುಮಾನಿಸಬೇಕು. ಬೇಸಿಗೆಯಲ್ಲೂ ಒಣಗದ ಹಸಿರು ಮಚ್ಚೆ, ಜೊಂಡು, ಆಲ್ಡರ್ ಮರ, ಯಾವ ಮನೆಗೂ ಹೋಗದೆ ಹೊಲದ ನಡುವೆ ನಿಲ್ಲುವ ಕಾಲುದಾರಿ, ಹಾಳು ಚರ್ಚಿನ ಗೋಡೆ: ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಸಿಕ್ಕರೆ ನಂಬಿಕೆ ಗಟ್ಟಿಯಾಗುತ್ತದೆ. ಎಷ್ಟೋ ಸಲ ಕೊನೆಗೆ ಸಿಗುವುದು ದನ ನೀರು ಕುಡಿಯುವ ಸಿಮೆಂಟ್ ತೊಟ್ಟಿ. ಅದರ ಹಿಂದಿನ ಕಲ್ಲು ಹಳೆಯದಿರಬಹುದು, ಇಲ್ಲದಿರಬಹುದು. ಸಲಿಕೆ ಮಾತ್ರ ಹಾಕಕೂಡದು. ಇಂಗ್ಲೆಂಡಿನ ಉತ್ತರದಲ್ಲಿ ರೋಮನ್ ಗೋಡೆಯ ಪಕ್ಕ ಕೊವೆಂಟಿನಾ ಎಂಬ ಜಲದೇವತೆಯ ಬಾವಿಯನ್ನು 1876ರಲ್ಲಿ ಜಾನ್ ಕ್ಲೇಟನ್ ಅಗೆಸಿದಾಗ ಹದಿಮೂರು ಸಾವಿರಕ್ಕೂ ಹೆಚ್ಚು ನಾಣ್ಯ, ಬಲಿಪೀಠ, ಒಡವೆ ಹೊರಬಂದವು. ಯಾವುದು ಯಾವ ಪದರದಲ್ಲಿತ್ತು ಎಂಬುದರ ಮೇಲೆಯೇ ಇತಿಹಾಸ ನಿಂತಿರುತ್ತದೆ.

ಇದರಲ್ಲಿ ನಮ್ಮ ನೆಲಕ್ಕೊಂದು ನಂಟಿದೆ. ಬಿಸಿಲಿಗೆ ಹಿಗ್ಗದ, ಚಳಿಗೆ ಕುಗ್ಗದ ಜೋಡಿ ಲೋಹದ ಅಳತೆಪಟ್ಟಿಗಳನ್ನು ಕೋಲ್ಬಿ ರೂಪಿಸಿದ್ದು ಐರ್ಲೆಂಡಿನ ಸರ್ವೆಗೆಂದು. ಭಾರತದ ಮಹಾತ್ರಿಕೋನಮಿತಿ ಸರ್ವೆಯ ಜಾರ್ಜ್ ಎವರೆಸ್ಟ್ 1829ರಲ್ಲಿ ಐರ್ಲೆಂಡಿಗೆ ಹೋಗಿ ಆ ಕೆಲಸವನ್ನು ಕಣ್ಣಾರೆ ಕಂಡು, ಅದೇ ಬಗೆಯ ಪಟ್ಟಿಗಳನ್ನು ಇಲ್ಲಿಗೆ ತಂದ. 1841ರಲ್ಲಿ ಬೀದರ್, 1868ರಲ್ಲಿ ಬೆಂಗಳೂರು, ಎರಡೂ ಕಡೆ ಆಧಾರರೇಖೆಯನ್ನು ಅಳೆದದ್ದು ಅವುಗಳಿಂದಲೇ. ಧಾರವಾಡದ ಕಡೆ 1840ರ ದಶಕದಲ್ಲಿ, ಮೈಸೂರಿನಲ್ಲಿ 1863ರಿಂದ ನಡೆದ ಕಂದಾಯ ಮೋಜಣಿ ನಮಗೂ ಗ್ರಾಮ ನಕ್ಷೆ ಕೊಟ್ಟಿತು. ಗುಂಡುತೋಪು, ಕಟ್ಟೆ, ಬಾವಿ ಅದರಲ್ಲಿವೆ. ನಮಗೆ ಇಲ್ಲದಿರುವುದು ಓಡೊನೊವನ್. ಪಹಣಿ ಬಿಡಿಸಿದರೆ ಸರ್ವೆ ನಂಬರು, ಹಿಸ್ಸಾ ಸಿಗುತ್ತವೆ. 'ಅಮ್ಮನ ಬಾವಿ ಹೊಲ' ಎಂಬ ಹೆಸರು ಬೇಕಾದರೆ ಆ ಮನೆಯ ಅಜ್ಜನನ್ನೇ ಕೇಳಬೇಕು. ಲೇಔಟ್ ಬಂದ ಮೇಲೆ ಅಜ್ಜನಿಗೂ ಹೇಳುವ ಪ್ರಸಂಗ ಬರುವುದಿಲ್ಲ.

ಐರಿಶರು ತಮ್ಮ ಹಿರಿಯರನ್ನು ಎರಡನೆಯ ಸಲವೂ ಕೇಳಿದರು, ಈ ಬಾರಿ ಮಕ್ಕಳ ಕೈಲಿ. 1937ರಿಂದ 1939ರವರೆಗೆ ಐರಿಶ್ ಜಾನಪದ ಆಯೋಗದ ಏರ್ಪಾಟಿನಂತೆ ಸುಮಾರು 5,000 ಶಾಲೆಗಳ 50,000ದಷ್ಟು ಮಕ್ಕಳು ತಮ್ಮ ಮನೆಯ, ನೆರೆಯ ಹಿರಿಯರನ್ನು ಕೇಳಿ ನೋಟುಪುಸ್ತಕಗಳಲ್ಲಿ ಬರೆದರು. ಶಿಕ್ಷಕರಿಗೆ ಕೊಟ್ಟಿದ್ದ ವಿಷಯಗಳಲ್ಲಿ ಊರಿನ ಪುಣ್ಯಬಾವಿಯೂ ಒಂದು. ಬಾವಿ ಯಾರ ಹೊಲದಲ್ಲಿದೆ, ಯಾವ ಕಾಯಿಲೆಗೆ, ಯಾರು ಅವಮಾನ ಮಾಡಿದ್ದಕ್ಕೆ ಬತ್ತಿತು ಎಂದು ಹನ್ನೊಂದು ಹನ್ನೆರಡರ ಹುಡುಗಿಯರು ದುಂಡಗಿನ ಅಕ್ಷರದಲ್ಲಿ ಬರೆದ ಪುಟಗಳು ಈಗ ಅಂತರಜಾಲದಲ್ಲಿವೆ. ನೂರು ವರ್ಷದ ಅಂತರದ ಎರಡು ಸಾಕ್ಷಿಗಳನ್ನು, ಓಡೊನೊವನ್‌ನ ಪುಸ್ತಕವನ್ನೂ ಈ ಮಕ್ಕಳ ಪುಸ್ತಕವನ್ನೂ, ಅಕ್ಕಪಕ್ಕ ಇಟ್ಟು ನೋಡುವ ಭಾಗ್ಯ ಬೇರೆ ಯಾವ ದೇಶದ ಹುಡುಕಾಟಗಾರರಿಗಿದೆಯೋ ಕಾಣೆ.

ಹೀಗೆ ಸಿಕ್ಕ ಬಾವಿಗೆ ಕಾವಲು ಮತ್ತೆ ಕಾಗದದ್ದೇ. ಸರ್ಕಾರದ ಸ್ಮಾರಕಗಳ ದಾಖಲೆಗೆ ಸೇರಿದ ಸ್ಥಳದಲ್ಲಿ ಕೆಲಸ ಶುರುಮಾಡುವ ಮೊದಲು ಎರಡು ತಿಂಗಳ ಮುಂಚೆ ತಿಳಿಸಬೇಕೆಂಬ ನಿಯಮವನ್ನು ಐರ್ಲೆಂಡ್ 1994ರಲ್ಲಿ ತಂದಿತು. ದಾಖಲೆಗೆ ಸೇರದೆ ಬರೀ ಬಾಯಲ್ಲಿರುವ ಬಾವಿಗೆ ಈ ರಕ್ಷಣೆ ಇಲ್ಲ. ಜೆಸಿಬಿ ಬಂದು ಒಂದು ಬೆಳಿಗ್ಗೆ ಮುಗಿಸಬಹುದು. ಹಾಗಾಗಿ ತಿಂಗಳುಗಟ್ಟಲೆ ಹಳೆಯ ನಕ್ಷೆ ಓದಿ, ಕೆಸರು ತುಳಿದು ಬಂದವರು ಕೊನೆಗೆ ಮಾಡುವುದು ಗುಮಾಸ್ತನ ಕೆಲಸವನ್ನೇ. ನಕ್ಷೆಯ ನಕಲು, ಜಾಗದ ಅಕ್ಷಾಂಶ ರೇಖಾಂಶ, ಹೊಲದ ಹೆಸರು, ಹೇಳಿದವರ ವಿವರ ಲಗತ್ತಿಸಿ ಪುರಾತತ್ವ ಇಲಾಖೆಗೆ ಅರ್ಜಿ ಹಾಕುತ್ತಾರೆ.